ಹಳೇ ಟ್ರಕ್‌ಗೆ ಮುಂದಕ್ಕೆ ಬಾಗುವ ಮೂತಿ: ಕೀಲು ಎಲ್ಲಿರಬೇಕು?

ಬಾನೆಟ್, ಎರಡು ಮಡ್‌ಗಾರ್ಡ್, ಗ್ರಿಲ್ ಸೇರಿದ ಮೂತಿ ಒಂದೇ ತುಂಡಾಗಿ ಮುಂದಕ್ಕೆ ಬಾಗಬೇಕು ಅಂತ ಹಳೇ ಟ್ರಕ್ ತರುವವರು ಮೊದಲು ಗ್ಯಾಸ್ ಸ್ಟ್ರಟ್ (ಎತ್ತಲು ನೆರವಾಗುವ, ಒಳಗೆ ಅನಿಲದ ಒತ್ತಡವಿರುವ ದಂಡ) ಬಗ್ಗೆ ಕೇಳುತ್ತಾರೆ. ನಾನು ಮೊದಲು ನೋಡುವುದು ಮೂತಿಯ ಮುಂತುದಿಯಲ್ಲಿ ಕೂರುವ ಕೀಲಿನ ಜಾಗವನ್ನು. ಅದು ತಪ್ಪಿದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಬಾಗಿಲಿನ ಬಣ್ಣ ಕಿತ್ತುಬರುತ್ತದೆ.

ಬಾಗಿಲ ಪಕ್ಕ ಮಡ್‌ಗಾರ್ಡ್‌ನ ಕೆಳಗಿನ ಮೂಲೆ ಇದೆಯಲ್ಲ, ಅದನ್ನು ಗಮನಿಸಿ. ಕೀಲು ಅದಕ್ಕಿಂತ ಕೆಳಗಿದ್ದರೆ, ಎತ್ತಿದ ಕೂಡಲೇ ಮೂಲೆ ಮೇಲಕ್ಕೂ ಮುಂದಕ್ಕೂ ಹೋಗುತ್ತದೆ. ಕೀಲು ಮೇಲಿದ್ದರೆ ಮೂಲೆ ಮೊದಲು ಹಿಂದಕ್ಕೆ ಸರಿಯುತ್ತದೆ. ಮೂಲೆ ಕೀಲಿನಿಂದ 120 ಸೆಂ.ಮೀ. ಹಿಂದೆ, 10 ಸೆಂ.ಮೀ. ಕೆಳಗೆ ಇದೆ ಅಂದುಕೊಳ್ಳಿ. ಅದು 4 ಮಿ.ಮೀ.ನಷ್ಟು ಹಿಂದೆ ಸರಿಯುತ್ತದೆ. 20 ಸೆಂ.ಮೀ. ಕೆಳಗಿದ್ದರೆ 16 ಮಿ.ಮೀ. ದಾಟುತ್ತದೆ. ಅಲ್ಲಿ ನಮಗೆ ಸಿಗುವ ಸಂದು ನಾಲ್ಕೈದು ಮಿ.ಮೀ. ಅಷ್ಟೇ, ಅಲ್ವಾ? ಹಳೇ ಪಿಕಪ್‌ಗಳ ಮಡ್‌ಗಾರ್ಡ್ ಕಾಲುಹಲಗೆಯ ತನಕ ಇಳಿದಿರುತ್ತದೆ. ಹಾಗಾಗಿ ಚಾಸಿಯಿಂದ ಬ್ರಾಕೆಟ್ ಇಳಿಸಿ ಕೀಲನ್ನು ಕೆಳಗೆ ತರಬೇಕಾಗುತ್ತದೆ. ಅದೂ ಸಾಲದಿದ್ದರೆ ಮಡ್‌ಗಾರ್ಡ್‌ನ ಹಿಂದಿನ ಕೆಳತುಂಡನ್ನು ಕತ್ತರಿಸಿ ಕ್ಯಾಬಿನ್ ಕಡೆಗೇ ಬಿಡುವುದು ಒಂದು ದಾರಿ. ನೋಟ ಕೆಡುತ್ತದೆ ಅಂತ ನನಗೆ ಅದು ಅಷ್ಟು ಇಷ್ಟವಿಲ್ಲ.

ಮುಂದಿನ ಕಡೆ ಇನ್ನೊಂದು ತೊಡಕು. ಕೀಲಿಗಿಂತ ಮುಂದಿರುವುದೆಲ್ಲ ಕೆಳಕ್ಕಿಳಿಯುತ್ತದೆ, ಗ್ರಿಲ್‌ನ ತಲೆ ಮುಂದಕ್ಕೆ ಬೀಳುತ್ತದೆ. ಎರಡಕ್ಕೂ ಬಂಪರ್ ಅಡ್ಡ. ಕೀಲನ್ನು ಆದಷ್ಟು ಮುಂದೆ ತನ್ನಿ, ಬೇಕಿದ್ದರೆ ಬಂಪರನ್ನು ಸ್ವಲ್ಪ ಮುಂದಕ್ಕೆ ಸರಿಸಿ. ಇದನ್ನೆಲ್ಲ ತಗಡಿನ ಮೇಲೆ ಕಲಿಯಬೇಡಿ. ಮೂತಿಯ ಪಕ್ಕನೋಟವನ್ನು ದೊಡ್ಡ ರಟ್ಟಿನಲ್ಲಿ ನಿಜ ಅಳತೆಗೆ ಕತ್ತರಿಸಿ. ಕೀಲಿನ ಜಾಗದಲ್ಲಿ ಮೊಳೆ ಚುಚ್ಚಿ ತಿರುಗಿಸಿ. ಒಂದು ಸಂಜೆ ಸಾಕು.

1947ರ ಷೆವ್ರೊಲೆ ಇರಲಿ, 1953ರ ಫೋರ್ಡ್ ಎಫ್-100 ಇರಲಿ, ರೇಡಿಯೇಟರ್ ಹಿಡಿಯುವ ಚೌಕಟ್ಟೇ ಮುಂದಿನ ತಗಡಿಗೂ ಆಸರೆ. ಮೂತಿ ಬಾಗಬೇಕಾದರೆ ರೇಡಿಯೇಟರ್‌ಗೆ ಚಾಸಿಯ ಮೇಲೆ ಬೇರೆ ಆಸರೆ ಕೊಡಬೇಕು. ತಗಡಿಗೆ ಒಳಗಿನಿಂದ ಪೈಪಿನ ಚೌಕಟ್ಟು ಬೇಕು. ಟ್ರಕ್ ತನ್ನ ಚಕ್ರಗಳ ಮೇಲೆ, ಎಂಜಿನ್ ಸಮೇತ, ಸಮತಟ್ಟು ನೆಲದಲ್ಲಿ ನಿಂತಿರಲಿ. ಕ್ಯಾಬಿನ್ ಚಾಸಿಯ ಮೇಲೆ ಕೂರುವ ರಬ್ಬರ್ ಬುಷ್ ಹೊಸದಾಗಿರಲಿ. ಬಾಗಿಲ ಸಂದು ಸರಿಮಾಡಿ, ತಗಡೆಲ್ಲ ಬೋಲ್ಟ್ ಆಗಿರುವಾಗಲೇ ಪೈಪನ್ನು ಚುಕ್ಕೆ ಚುಕ್ಕೆಯಾಗಿ ವೆಲ್ಡ್ ಮಾಡಿ. ಬಿಚ್ಚಿ ಕೆಳಗಿಟ್ಟು ವೆಲ್ಡ್ ಮಾಡಿದರೆ ಬಿಸಿಗೆ ಸೊಟ್ಟಗಾಗುತ್ತದೆ, ಮತ್ತೆ ಕೂರುವುದಿಲ್ಲ.

ಸ್ಟ್ರಟ್‌ಗೆ ಬಂದರೆ, ಸುಮ್ನೆ ದೊಡ್ಡದು ಹಾಕಬೇಡಿ. ಮೂತಿ 70 ಕೆ.ಜಿ., ತೂಕದ ನಡುಬಿಂದು ಕೀಲಿನಿಂದ 60 ಸೆಂ.ಮೀ. ದೂರ, ಸ್ಟ್ರಟ್ ಒತ್ತುವ ಗೆರೆ ಕೀಲಿನಿಂದ 20 ಸೆಂ.ಮೀ. ಇದ್ದರೆ, ಎರಡು ಬದಿಯ ಸ್ಟ್ರಟ್ ಸೇರಿ ಸುಮಾರು 2,060 ನ್ಯೂಟನ್ ಬಲ ಬೇಕು. ಎತ್ತುತ್ತಾ ಹೋದಂತೆ ಹೊರೆ ಕಡಿಮೆಯಾಗುತ್ತದೆ. ತೂಕದ ನಡುಬಿಂದು ಕೀಲಿನ ನೇರಕ್ಕೆ ಬಂದಾಗ ಅದು ಸೊನ್ನೆ, ಅಲ್ಲಿಂದಾಚೆ ಮೂತಿ ತಾನಾಗಿ ಮುಂದಕ್ಕೆ ಬೀಳುತ್ತದೆ. ಹಾಗಾಗಿ ತಡೆಯುವ ಪಟ್ಟಿ ಎರಡೂ ಕಡೆ ಕಡ್ಡಾಯ. ಸ್ಟ್ರಟ್ ಪೈಪಿಗೆ ಕೂರಲಿ. ತಗಡಿಗೆ ಕೂರಿಸಿದರೆ ಮುಚ್ಚಿದಾಗ ತಗಡು ಉಬ್ಬುತ್ತದೆ.

ಓಡುವಾಗ ಗಾಳಿ ಮೂತಿಯನ್ನು ಮುಚ್ಚುವ ಕಡೆಗೇ ತಳ್ಳುತ್ತದೆ ನಿಜ. ಆದರೂ ಎರಡು ಚಿಲಕದ ಜೊತೆ ಒಂದು ಹೆಚ್ಚಿನ ಕೊಂಡಿ ಇಡುತ್ತೇನೆ. ಹಿಂದಿನ ಅಂಚು ಅತ್ತಿತ್ತ ಅಲುಗದಂತೆ ಕ್ಯಾಬಿನ್ ಮುಂಭಾಗಕ್ಕೆ ಮೊನೆಯಾದ ಗೂಟ ಕೊಡುತ್ತೇನೆ, ಮುಚ್ಚುವಾಗ ಅದು ತಾನೇ ಗುಳಿಗೆ ಬೀಳುತ್ತದೆ. ಹೆಡ್‌ಲೈಟ್ ವೈರ್ ಕೀಲಿನ ಹತ್ತಿರವೇ ಹಾಯಬೇಕು, ಎಳೆತ ಅಲ್ಲಿ ಕಡಿಮೆ.

ಬಣ್ಣ ಹೊಡೆಯುವ ಮೊದಲು ಟ್ರಕ್ಕನ್ನು ಹಳ್ಳಕೊಳ್ಳದ ರಸ್ತೆಯಲ್ಲಿ ಓಡಿಸಿ. ವಾಪಸ್ ಬಂದು ಬಾಗಿಲ ಸಂದಿನಲ್ಲಿ ತಗಡು ಉಜ್ಜಿದ ಗುರುತು ಹುಡುಕಿ.