ಕೂಡಿಸಿದ್ದು ಸರಿ, ಕ್ಯಾರಿ ಎಲ್ಲಿ?

ಕಾಸರಗೋಡಿನ ನಮ್ಮ ಲ್ಯಾಬಿಗೆ ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆಯಿಂದ ಕನ್ನಡ ಮೀಡಿಯಂ ಮಕ್ಕಳು ಬರುತ್ತಲೇ ಇರುತ್ತಾರೆ. 8085 ಎಂಬ ಮೈಕ್ರೊಪ್ರೊಸೆಸರ್ ಚಿಪ್ ಇರುವ ಕಲಿಕೆಯ ಕಿಟ್ ಮುಂದೆ ಅವರಿಗೆ ನಾನು ಕೊಡುವ ಮೊದಲ ಲೆಕ್ಕ ಅಡಿಕೆಯದ್ದು. ಅಂಗಡಿಗೆ ಬೆಳಿಗ್ಗೆ 200 ಕಿಲೋ ಬಂತು, ಮಧ್ಯಾಹ್ನ 100 ಕಿಲೋ. ಒಟ್ಟು ಎಷ್ಟು?

ರಿಜಿಸ್ಟರ್ ಅಂದರೆ ಚಿಪ್ ಒಳಗೆ ಸಂಖ್ಯೆ ಇಡುವ ಜಾಗ. ಎ ರಿಜಿಸ್ಟರಿಗೆ ಸಿ8, ಬಿ ರಿಜಿಸ್ಟರಿಗೆ 64. ಹೆಕ್ಸಾದಲ್ಲಿ, ಅಂದರೆ ಹದಿನಾರರ ಆಧಾರದ ಎಣಿಕೆಯಲ್ಲಿ, 200 ಮತ್ತು 100 ಅಂದರೆ ಇವೇ. ಆಮೇಲೆ ‘ಆಡ್ ಬಿ’, ಅಂದರೆ ಎ ಒಳಗಿನದ್ದಕ್ಕೆ ಬಿ ಒಳಗಿನದ್ದನ್ನು ಕೂಡಿಸು ಎಂಬ ಆದೇಶ. ಎಂಟು ಬಿಟ್ ಕೂಡಿಸಲು ಒಂದು ಸಂಖ್ಯೆ ಎ ಒಳಗೇ ಇರಬೇಕು, ಉತ್ತರವೂ ಅಲ್ಲಿಗೇ ಬರುತ್ತದೆ. ಡಿಸ್‌ಪ್ಲೇಯಲ್ಲಿ 2ಸಿ ಬರುತ್ತದೆ. ಅಂದರೆ 44! “ಸರ್, ಈ ಕಿಟ್ ಹಾಳಾಗಿದೆ” ಅಂತ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ.

ಕಿಟ್ ಸರಿಯೇ ಇದೆ. ಎಂಟು ಬಿಟ್‌ನಲ್ಲಿ ಹಿಡಿಸುವುದು 255ರ ವರೆಗೆ ಮಾತ್ರ. ಬಾಕಿ 256 ಕ್ಯಾರಿ ಫ್ಲಾಗ್‌ನಲ್ಲಿ, ಅಂದರೆ ಮೊತ್ತ ಮೀರಿದ್ದನ್ನು ಗುರುತಿಟ್ಟುಕೊಳ್ಳುವ ಒಂದು ಬಿಟ್‌ನಲ್ಲಿ, 1 ಆಗಿ ಕೂತಿದೆ. ನಾವು ಅತ್ತ ನೋಡಲಿಲ್ಲ, ಅಷ್ಟೇ.

ಈಗ 300ಕ್ಕೆ 500 ಕೂಡಿಸಿ: 012ಸಿ ಮತ್ತು 01ಎಫ್4. ಎಂಟು ಬಿಟ್ ಸೇರಿದರೆ ಒಂದು ಬೈಟ್. ಕೆಳಗಿನ ಬೈಟ್‌ಗಳಿಗೆ, ಅಂದರೆ ಬಲಗಡೆಯ 2ಸಿ ಮತ್ತು ಎಫ್4ಕ್ಕೆ, ಆಡ್ ಹಾಕಿದರೆ 20, ಜೊತೆಗೆ ಕ್ಯಾರಿ. ಮೇಲಿನ ಬೈಟ್‌ಗಳಿಗೆ ‘ಎಡಿಸಿ’ ಹಾಕಬೇಕು, ಅದು ಕ್ಯಾರಿಯನ್ನೂ ಸೇರಿಸುತ್ತದೆ. ಉತ್ತರ 0320, ಅಂದರೆ 800. ಅಲ್ಲಿಯೂ ಬರೀ ಆಡ್ ಹಾಕಿದರೆ 544. ಪ್ರೋಗ್ರಾಂ ಸುಮ್ನೆ ಓಡುತ್ತದೆ, ಎರರ್ ಕೂಡ ಬರುವುದಿಲ್ಲ.

ಜಾಸ್ತಿ ಬೈಟ್ ಇದ್ದರೆ ಲೂಪ್ ಬೇಕು. ನನಗೆ ಖುಷಿ ಕೊಡುವ ಜಾಗ ಇದು. ಒಂದು ಸುತ್ತಿನ ಕ್ಯಾರಿ ಮುಂದಿನ ಸುತ್ತಿನ ಎಡಿಸಿವರೆಗೆ ಉಳಿಯಬೇಕಲ್ವಾ? ಅಡ್ರೆಸ್ ಮುಂದೆ ಒಯ್ಯುವ ‘ಐಎನ್‌ಎಕ್ಸ್’ ಯಾವ ಫ್ಲಾಗನ್ನೂ ಮುಟ್ಟುವುದಿಲ್ಲ. ಸುತ್ತು ಎಣಿಸುವ ‘ಡಿಸಿಆರ್’ ಝೀರೋ ಫ್ಲಾಗ್ ಬದಲಿಸಿದರೂ ಕ್ಯಾರಿಯನ್ನು ಬಿಟ್ಟುಬಿಡುತ್ತದೆ. ಚಿಪ್ ಮಾಡಿದವರು ಇದನ್ನು ಚೆನ್ನಾಗಿ ಯೋಚಿಸಿದ್ದಾರೆ. ಎಣಿಕೆಗೆ, ಹೋಲಿಸಿ ನೋಡುವ ‘ಸಿಪಿಐ’ ಹಾಕಿದಿರೋ, ಕ್ಯಾರಿ ಹೋಯಿತು. ಲೂಪಿಗೆ ಮೊದಲು ‘ಎಕ್ಸ್‌ಆರ್‌ಎ ಎ’ ಬರೆದು ಕ್ಯಾರಿ ಸೊನ್ನೆ ಮಾಡಿಕೊಳ್ಳಿ, ಆಗ ಮೊದಲ ಬೈಟಿಗೂ ಎಡಿಸಿ ನಡೆಯುತ್ತದೆ.

ಹದಿನಾರು ಬಿಟ್‌ಗೆ ‘ಡ್ಯಾಡ್’ ಎಂಬ ಒಂದೇ ಆದೇಶ ಸಾಕು. ಎಚ್-ಎಲ್ ರಿಜಿಸ್ಟರ್ ಜೋಡಿಗೆ ಬಿ-ಸಿ ಜೋಡಿಯನ್ನು ಒಂದೇ ಏಟಿಗೆ ಕೂಡಿಸುತ್ತದೆ. ಆದರೂ ಎಡಿಸಿ ಕೈಗೆ ಹತ್ತುವವರೆಗೆ ನಾನು ಅದನ್ನು ಹೇಳಿಕೊಡುವುದಿಲ್ಲ. ಮೊತ್ತ 65,535 ದಾಟಿದರೆ ಡ್ಯಾಡ್ ಹಾಕಿದವರೂ ಕ್ಯಾರಿಯನ್ನೇ ನೋಡಬೇಕು.