ಒಂದೇ ದೃಶ್ಯ, ಎರಡು ಭಾಷೆ: ಈವ್ ಮೈಲ್ಸ್ ಮತ್ತು ವೆಲ್ಷ್ ಕಿರುತೆರೆಯ ಹಿನ್ನೆಲೆ

ವೇಲ್ಸ್‌ನ ನಟಿ ಈವ್ ಮೈಲ್ಸ್ ಅವರ ಹೆಸರನ್ನು ಮನೆಮಾತಾಗಿಸಿದ ‘ಕೀಪಿಂಗ್ ಫೇತ್’ ಕಿರುತೆರೆ ಸರಣಿ ಮೊದಲು ಪ್ರಸಾರವಾದದ್ದು ಯಾವಾಗ ಎಂದು ಹುಡುಕುವವರಿಗೆ ಮೂರು ಉತ್ತರಗಳು ಸಿಗುತ್ತವೆ. 2017ರ ನವೆಂಬರ್‌ನಲ್ಲಿ ಅದು ವೆಲ್ಷ್ ಭಾಷೆಯಲ್ಲಿ ‘ಈನ್ ಬೋರೆ ಮೆರ್ಖೆರ್’ ಎಂಬ ಹೆಸರಿನಿಂದ ಎಸ್‌-ಫೋರ್‌-ಸಿ ವಾಹಿನಿಯಲ್ಲಿ ಬಂತು. 2018ರ ಫೆಬ್ರವರಿಯಲ್ಲಿ ಇಂಗ್ಲಿಷ್ ಅವತರಣಿಕೆ ವೇಲ್ಸ್‌ನ ಬಿಬಿಸಿ ಒನ್‌ನಲ್ಲಿ ಬಂತು, ಅದೇ ವರ್ಷದ ಜುಲೈನಲ್ಲಿ ಬ್ರಿಟನ್ನಿನಾದ್ಯಂತ ಪ್ರಸಾರವಾಯಿತು. ಮೂರೂ ಉತ್ತರಗಳು ಸರಿಯೇ. ಹೆಚ್ಚಿನ ವರದಿಗಳು ಮೂರನೆಯದರಿಂದಲೇ ಕಥೆ ಆರಂಭಿಸುತ್ತವೆ ಎಂಬುದನ್ನು ಮಾತ್ರ ಗಮನಿಸಬೇಕು.

ಈ ಗೋಜಲಿನ ಬೇರು ನಟಿ ಹುಟ್ಟುವುದಕ್ಕೂ ಮುಂಚಿನದು. 1961ರ ಜನಗಣತಿಯಲ್ಲಿ ವೇಲ್ಸ್‌ನ ಸುಮಾರು ಶೇ 26ರಷ್ಟು ಜನರು ವೆಲ್ಷ್ ಮಾತನಾಡುತ್ತಿದ್ದರು. 1981ರ ಹೊತ್ತಿಗೆ ಆ ಪ್ರಮಾಣ ಶೇ 19ಕ್ಕೆ ಇಳಿದಿತ್ತು. ನಡುವಿನ ಎರಡು ದಶಕಗಳಲ್ಲಿ ವೆಲ್ಷ್ ಕಾರ್ಯಕ್ರಮಗಳು ಇಂಗ್ಲಿಷ್ ವಾಹಿನಿಗಳ ಸಂದಿಗೊಂದಿಗಳಲ್ಲಿ ಹಂಚಿಹೋಗಿದ್ದವು. ವೆಲ್ಷ್ ಬಲ್ಲವರಿಗೆ ಅವು ಸಾಲುತ್ತಿರಲಿಲ್ಲ. ಬಾರದವರು ತಮ್ಮ ಮನೆಯ ಆಂಟೆನಾವನ್ನು ಇಂಗ್ಲೆಂಡಿನ ಪ್ರಸಾರ ಗೋಪುರಗಳತ್ತ ತಿರುಗಿಸಿಕೊಳ್ಳುತ್ತಿದ್ದರು. ಪ್ರತ್ಯೇಕ ವೆಲ್ಷ್ ವಾಹಿನಿಗಾಗಿ ಟಿವಿ ಪರವಾನಗಿ ಶುಲ್ಕ (ಟಿವಿ ನೋಡುವ ಮನೆಗಳು ಕಟ್ಟಬೇಕಾದ, ಬಿಬಿಸಿಯನ್ನು ನಡೆಸುವ ಹಣ) ಕಟ್ಟಲು ನಿರಾಕರಿಸುವ ಚಳವಳಿ ನಡೆಯಿತು. 1979ರ ಚುನಾವಣೆಯ ವೇಳೆ ಕೊಟ್ಟ ಭರವಸೆಯನ್ನು ಹೊಸ ಸರ್ಕಾರ ಕೆಲವೇ ತಿಂಗಳಲ್ಲಿ ಹಿಂತೆಗೆದುಕೊಂಡಾಗ, ವೆಲ್ಷ್ ರಾಷ್ಟ್ರೀಯವಾದಿ ಪಕ್ಷ ಪ್ಲೈಡ್ ಕಮ್ರಿಯ ಅಧ್ಯಕ್ಷ ಗ್ವಿನ್‌ವೊರ್ ಇವಾನ್ಸ್ ಅವರು 1980ರ ಅಕ್ಟೋಬರ್ 6ರಿಂದ ಆಮರಣಾಂತ ಉಪವಾಸ ಕೂರುವುದಾಗಿ ಘೋಷಿಸಿದರು. ಉಪವಾಸ ಶುರುವಾಗಲು ಮೂರು ವಾರಗಳಷ್ಟೇ ಉಳಿದಿರುವಾಗ ಸರ್ಕಾರ ಮಣಿಯಿತು. 1982ರ ನವೆಂಬರ್ 1ರಂದು ಎಸ್‌-ಫೋರ್‌-ಸಿ ಆರಂಭವಾಯಿತು.

ಆಗ ಈವ್ ಮೈಲ್ಸ್ ನಾಲ್ಕು ವರ್ಷದ ಮಗು. ಅವರು ಹುಟ್ಟಿದ್ದು 1978ರ ಜುಲೈನಲ್ಲಿ, ಸ್ವಾನ್ಸಿ ಕಣಿವೆಯ ಅಸ್ಟ್ರಾಡ್‌ಗನ್‌ಲೈಸ್ ಎಂಬ ಊರಿನಲ್ಲಿ. ಹಿಂದಿನ ತಲೆಮಾರಿನ ನಟಿ ಶಾನ್ ಫಿಲಿಪ್ಸ್ ಅವರಿಗೆ ವೆಲ್ಷ್ ಮನೆಮಾತು, ಇಂಗ್ಲಿಷ್ ಆಮೇಲೆ ಕಲಿತದ್ದು. ಮೈಲ್ಸ್ ಅವರ ವಿಷಯದಲ್ಲಿ ಇದು ತಿರುಗುಮುರುಗು: ಬೆಳೆದದ್ದು ಇಂಗ್ಲಿಷ್‌ನಲ್ಲಿ, ಸುತ್ತಲೂ ಕಿವಿಗೆ ಬೀಳುವ ವೆಲ್ಷ್ ಇದ್ದರೂ ಅದು ಬಾಯಿಗೆ ಬಂದ ಭಾಷೆಯಾಗಿರಲಿಲ್ಲ. ಕಾರ್ಡಿಫ್‌ನ ರಾಯಲ್ ವೆಲ್ಷ್ ಸಂಗೀತ ಮತ್ತು ನಾಟಕ ಕಾಲೇಜಿನಲ್ಲಿ ಅಭಿನಯ ಕಲಿತು, ಬಿಬಿಸಿ ವೇಲ್ಸ್‌ನ ‘ಬಿಲಾಂಗಿಂಗ್’ ಧಾರಾವಾಹಿಯಲ್ಲಿ 2009ರವರೆಗೂ ಪಾತ್ರ ಮಾಡಿದರು. ಆ ಧಾರಾವಾಹಿ ವೇಲ್ಸ್‌ನ ಗಡಿ ದಾಟಿ ಹೆಸರು ಮಾಡಲಿಲ್ಲ.

ತಿರುವು ಬಂದದ್ದು 2005ರಲ್ಲಿ. ಸ್ವಾನ್ಸಿಯವರೇ ಆದ ರಸೆಲ್ ಟಿ. ಡೇವೀಸ್ ಅವರು ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಕಲ್ಪನೆಯ ಸರಣಿಯನ್ನು ಕಾರ್ಡಿಫ್‌ನಿಂದ ಮತ್ತೆ ಆರಂಭಿಸಿದಾಗ, 1869ರ ಕಾರ್ಡಿಫ್‌ನಲ್ಲಿ ನಡೆಯುವ ಒಂದು ಕಂತಿನಲ್ಲಿ ಮೈಲ್ಸ್ ಮನೆಗೆಲಸದ ಹುಡುಗಿಯಾಗಿ ಅಭಿನಯಿಸಿದರು. ಮರುವರ್ಷ ‘ಟಾರ್ಚ್‌ವುಡ್’ ಬಂತು. ಅದರ ಪೊಲೀಸ್ ಪೇದೆ ಗ್ವೆನ್ ಕೂಪರ್ ಪಾತ್ರವನ್ನು ಡೇವೀಸ್ ಅವರು ಮೈಲ್ಸ್ ಅವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರು. ವೇಲ್ಸ್‌ನ ಉಚ್ಚಾರಣೆಯನ್ನು ಹಾಸ್ಯಪಾತ್ರಗಳಿಗೆ ಮೀಸಲಿಡುವ ಚಾಳಿ ಬ್ರಿಟಿಷ್ ಕಿರುತೆರೆಯಲ್ಲಿ ಹಳೆಯದು. ಗ್ವೆನ್ ಅದೇ ಉಚ್ಚಾರಣೆಯಲ್ಲಿ ಅನ್ಯಗ್ರಹದವರನ್ನು ಎದುರಿಸಿದಳು, 2011ರಲ್ಲಿ ಕಥೆ ಅಮೆರಿಕಕ್ಕೆ ಹೋದಾಗಲೂ ಅದನ್ನು ಬಿಡಲಿಲ್ಲ. 2007ರಲ್ಲಿ ಮೈಲ್ಸ್ ಅವರಿಗೆ ಬ್ರಿಟಿಷ್ ಚಲನಚಿತ್ರ ಮತ್ತು ಕಿರುತೆರೆ ಅಕಾಡೆಮಿಯ ವೇಲ್ಸ್ ಶಾಖೆಯಾದ ಬಾಫ್ಟಾ ಕಮ್ರಿಯ ಉತ್ತಮ ನಟಿ ಪ್ರಶಸ್ತಿ ಬಂತು. ಆದರೆ ವೇಲ್ಸ್ ತೆರೆಯ ಮೇಲೆ ಕಂಡಿತೇ ಹೊರತು ಅದರ ಭಾಷೆ ಕೇಳಿಸಲಿಲ್ಲ. ‘ಫ್ರಾಂಕಿ’, ‘ಬ್ರಾಡ್‌ಚರ್ಚ್’, ‘ವಿಕ್ಟೋರಿಯಾ’ ಎಲ್ಲವೂ ಇಂಗ್ಲಿಷ್‌ನವೇ.

ಈ ನಡುವೆ ಎಸ್‌-ಫೋರ್‌-ಸಿಯ ಹಣಕಾಸು ಬದಲಾಯಿತು. 2010ರಲ್ಲಿ ಸರ್ಕಾರದ ನೇರ ಅನುದಾನಕ್ಕೆ ದೊಡ್ಡ ಕತ್ತರಿ ಬಿತ್ತು. 2013ರಿಂದ ವಾಹಿನಿಯ ಹೆಚ್ಚಿನ ಖರ್ಚನ್ನು ಬಿಬಿಸಿಯ ಪರವಾನಗಿ ಶುಲ್ಕದಿಂದ ಭರಿಸುವ ವ್ಯವಸ್ಥೆ ಜಾರಿಯಾಯಿತು. ಒಂದು ಭಾಷೆಗಷ್ಟೇ ದುಬಾರಿ ಕಥಾಸರಣಿ ಮಾಡುವುದು ಕಷ್ಟವಾದಾಗ ಹೊಳೆದ ದಾರಿ, ಒಂದೇ ಸೆಟ್ಟಿನಲ್ಲಿ, ಅದೇ ನಟವರ್ಗದೊಂದಿಗೆ ಎರಡು ಭಾಷೆಗಳಲ್ಲಿ ಚಿತ್ರೀಕರಿಸುವುದು. 2013ರಲ್ಲಿ ಅಬರಿಸ್ಟ್‌ವಿತ್ ಸುತ್ತಮುತ್ತ ತೆಗೆದ ‘ಅ ಗ್ವಿಲ್’, ಅಂದರೆ ಇಂಗ್ಲಿಷ್ ವೀಕ್ಷಕರ ‘ಹಿಂಟರ್‌ಲ್ಯಾಂಡ್’, ಇದಕ್ಕೆ ಮಾದರಿಯಾಯಿತು.

ಕಾರ್ಯವಿಧಾನ ಹೇಳಲು ಸುಲಭ, ಮಾಡಲು ಅಲ್ಲ. ಒಂದು ಭಾಷೆಯಲ್ಲಿ ಟೇಕ್ ಓಕೆಯಾದ ಮೇಲೆ ಯಾರೂ ಸ್ಥಾನ ಬಿಟ್ಟು ಕದಲುವಂತಿಲ್ಲ. ಕಪ್ಪಿನಲ್ಲಿದ್ದ ಚಹಾ ಮೊದಲಿನ ಮಟ್ಟಕ್ಕೆ ಬರಬೇಕು, ಒರೆಸಿಕೊಂಡ ಕಣ್ಣೀರು ಮತ್ತೆ ಬರಬೇಕು, ಬೆಳಕು ಬದಲಾಗುವ ಮೊದಲು ಅದೇ ದೃಶ್ಯ ಇನ್ನೊಂದು ಭಾಷೆಯಲ್ಲಿ ಮುಗಿಯಬೇಕು. ‘ಈನ್ ಬೋರೆ ಮೆರ್ಖೆರ್’ ಕಥೆ ಒಂದು ಬುಧವಾರ ಬೆಳಿಗ್ಗೆ ಕೆಲಸಕ್ಕೆಂದು ಹೊರಟ ಗಂಡ ಕಾಣೆಯಾದಾಗ ಮೂರು ಮಕ್ಕಳ ತಾಯಿಯಾದ ವಕೀಲೆ ಫೇತ್ ಹೋವೆಲ್ಸ್ ಪಡುವ ಪಾಡಿನದು. ಆಕೆ ಇಲ್ಲದ ದೃಶ್ಯಗಳು ಕಡಿಮೆ. ಅಂದರೆ ಬರೆದದ್ದರ ಬಹುಪಾಲನ್ನು ಮೈಲ್ಸ್ ಎರಡೆರಡು ಸಲ ಆಡಬೇಕಿತ್ತು, ಅದರಲ್ಲಿ ಒಂದು ಸಲ ಈ ಪಾತ್ರಕ್ಕಾಗಿಯೇ ಕಲಿತ ಭಾಷೆಯಲ್ಲಿ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಪಕ್ಕಗಳಿಂದ ಗಾಳಿ ಬಿಡುವ ವೆಲ್ಷ್‌ನ ‘ಲ್ಲ್’ ಧ್ವನಿ ಕಲಿಯುವವರನ್ನು ಕಾಡುವಂಥದ್ದು. ಅಂಥ ಭಾಷೆಯಲ್ಲಿ ಮಕ್ಕಳನ್ನು ಸಂತೈಸಬೇಕು, ಗಂಡನನ್ನು ಶಪಿಸಬೇಕು, ನ್ಯಾಯಾಲಯದಲ್ಲಿ ವಾದಿಸಬೇಕು. ಕಾಣೆಯಾದ ಗಂಡನ ಪಾತ್ರ ವಹಿಸಿದವರು ಮೈಲ್ಸ್ ಅವರ ನಿಜಜೀವನದ ಪತಿ ಬ್ರಾಡ್ಲಿ ಫ್ರೀಗಾರ್ಡ್. ಚಿತ್ರೀಕರಣದ ಮುಖ್ಯ ತಾಣಗಳಲ್ಲೊಂದು ಲಾರ್ನ್, ಇಂಗ್ಲಿಷ್‌ನಲ್ಲಷ್ಟೇ ಬರೆದ ವೆಲ್ಷ್ ಕವಿ ಡಿಲನ್ ಥಾಮಸ್ ಬದುಕಿದ ಊರು.

ಇಂಗ್ಲಿಷ್ ಅವತರಣಿಕೆಯನ್ನು ಬಿಬಿಸಿಯ ಅಂತರ್ಜಾಲ ವೀಕ್ಷಣಾ ಸೇವೆಯಾದ ಐಪ್ಲೇಯರ್‌ನಲ್ಲಿ ಜನರು ಒಬ್ಬರಿಗೊಬ್ಬರು ಹೇಳಿ ನೋಡತೊಡಗಿದರು. ವೀಕ್ಷಣೆ 80 ಲಕ್ಷ ದಾಟಿದ ಮೇಲೆ ಅದು ರಾಷ್ಟ್ರೀಯ ಪ್ರಸಾರಕ್ಕೆ ಬಂತು, ಫೇತ್ ತೊಟ್ಟ ಹಳದಿ ಮಳೆಕೋಟು ಸುದ್ದಿಯಾಯಿತು, ಮೈಲ್ಸ್ ಅವರಿಗೆ 2018ರಲ್ಲಿ ಮತ್ತೊಮ್ಮೆ ಬಾಫ್ಟಾ ಕಮ್ರಿ ಪ್ರಶಸ್ತಿ ಬಂತು. ಎರಡು ಭಾಷೆಯ ಏರ್ಪಾಡಿಲ್ಲದಿದ್ದರೆ ಸರಣಿಯೇ ಇರುತ್ತಿರಲಿಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ವೆಲ್ಷ್‌ನಲ್ಲಿ ಮೊದಲು ಬಂದ ಕೃತಿ ಇಂಗ್ಲಿಷ್‌ನಲ್ಲಿ ಬರುವ ತನಕ ‘ಬಂದಂತೆ’ ಆಗುವುದಿಲ್ಲ ಎಂಬ ಸ್ಥಿತಿಯನ್ನು ಆ ಏರ್ಪಾಡು ಬದಲಿಸಲಿಲ್ಲ. ಮೂರನೆಯ ಸರಣಿಯಲ್ಲೂ ಹೀಗೇ ಆಯಿತು: ವೆಲ್ಷ್ ವೀಕ್ಷಕರು 2020ರ ನವೆಂಬರ್‌ನಲ್ಲೇ ನೋಡತೊಡಗಿದ ಕಥೆಗಾಗಿ ಇಂಗ್ಲಿಷ್ ವೀಕ್ಷಕರು 2021ರ ಮಾರ್ಚ್‌ವರೆಗೆ ಕಾದರು, ದೇಶದ ಪತ್ರಿಕೆಗಳ ವಿಮರ್ಶೆಗಳೂ ಅವರ ಜೊತೆಗೇ ಕಾದವು.

2021ರ ಜನಗಣತಿಯಲ್ಲಿ ವೆಲ್ಷ್ ಬಲ್ಲವರ ಪ್ರಮಾಣ ಶೇ 17.8ಕ್ಕೆ ಇಳಿಯಿತು. 2022ರಿಂದ ಎಸ್‌-ಫೋರ್‌-ಸಿಗೆ ಬರುವ ಸಾರ್ವಜನಿಕ ಹಣವೆಲ್ಲ ಪರವಾನಗಿ ಶುಲ್ಕದಿಂದಲೇ. ಎರಡು ಭಾಷೆಯ ಚಿತ್ರೀಕರಣ ಈಗ ರೂಢಿಯಾಗಿದೆ. ಮೈಲ್ಸ್ 2023ರಲ್ಲಿ ‘ಹೈಜಾಕ್’ ಸರಣಿಯಲ್ಲಿ ವಿಮಾನ ಸಂಚಾರ ನಿಯಂತ್ರಕಿಯಾಗಿ ಕಾಣಿಸಿಕೊಂಡರು, ಇಂಗ್ಲಿಷ್‌ನಲ್ಲಿ.