ಹೂವಿಲ್ಲದಾಗಲೂ ಕೇಪುಳವನ್ನು ಗುರುತಿಸುವುದು

ಕಾಸರಗೋಡಿನ ಮುರಕಲ್ಲು (ಲ್ಯಾಟರೈಟ್) ಗುಡ್ಡಗಳಲ್ಲಿ ಪೊದೆಯ ಮೇಲೆ ಕೆಂಪು ಹೂಗೊಂಚಲು ಕಂಡರೆ ಕೇಪುಳ (ಇಕ್ಸೋರಾ) ಎಂದು ಯಾರು ಬೇಕಾದರೂ ಹೇಳುತ್ತಾರೆ. ಹೂ ಇಲ್ಲದಾಗ, ಅಥವಾ ನರ್ಸರಿಯಿಂದ ತಂದ ಅದರ ನೆಂಟರು ಪಕ್ಕದಲ್ಲೇ ಇದ್ದಾಗ ಎಡವುತ್ತೇವೆ. ಆಗ ನೋಡಬೇಕಾದದ್ದು ಗೆಣ್ಣನ್ನು, ಅಂದರೆ ಕಾಂಡದಲ್ಲಿ ಎಲೆ ಹುಟ್ಟುವ ಗಂಟನ್ನು.

ಎಳೆಯ ಕುಡಿಯೊಂದನ್ನು ಬೆರಳ ನಡುವೆ ಹಿಡಿದು ತಿರುಗಿಸಿ. ಎಲೆಗಳು ಎದುರುಬದುರಾಗಿ ಜೋಡಿಯಾಗಿವೆ. ಎರಡು ತೊಟ್ಟುಗಳ ನಡುವಿನ ಜಾಗದಲ್ಲಿ, ಕಾಂಡಕ್ಕೆ ಅಂಟಿಕೊಂಡು, ಮುಳ್ಳಿನಂಥ ಚೂಪು ತುದಿಯ ಪುಟ್ಟ ತ್ರಿಕೋನವೊಂದು ಕಾಣುತ್ತದೆ. ಇದು ಕಾವಿನೆಲೆ, ಕಾಫಿ ಕುಟುಂಬದ ಗುರುತು. ಹಳೆಯ ಕೊಂಬೆಯಲ್ಲಿ ಇದು ಉದುರಿರಬಹುದು, ಆದ್ದರಿಂದ ಕುಡಿಯನ್ನೇ ನೋಡಿ. ಅದೇ ಗುಡ್ಡದಲ್ಲಿ ನೇರಳೆ ಹೂ ಬಿಡುವ ನೆಕ್ಕರೆಗೂ ಜೋಡಿ ಎಲೆಗಳೇ. ಆದರೆ ಅದಕ್ಕೆ ಕಾವಿನೆಲೆ ಇಲ್ಲ, ಎಲೆ ಒರಟು, ಬುಡದಿಂದ ತುದಿಯವರೆಗೆ ಮೂರೋ ಐದೋ ನರಗಳು ಉದ್ದಕ್ಕೆ ಓಡುತ್ತವೆ.

ಆಮೇಲೆ ಎಲೆಯ ಬುಡ. ಕೇಪುಳಕ್ಕೆ ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ. ಬುಡ ದುಂಡಗೆ, ಕೆಲವೊಮ್ಮೆ ಹೃದಯಾಕಾರಕ್ಕೆ ಬಾಗಿ ಕಾಂಡವನ್ನು ತಬ್ಬಿದಂತಿರುತ್ತದೆ. ಎಲೆಯ ಅಳತೆಯನ್ನು ಮಾತ್ರ ನಂಬಬೇಡಿ. ಬಿಸಿಲ ಪಾದೆಯ (ಬಂಡೆಯ) ಮೇಲಿನ ಗಿಡದ ಎಲೆ ಸಣ್ಣದು, ನೆರಳಿನದು ದೊಡ್ಡದು.

ಹೂ ಇದ್ದರೆ ಎಸಳಿನ ತುದಿ ನೋಡಿ: ನಮ್ಮ ಕೇಪುಳದ್ದು ಚೂಪು, ಅಂಗಳಕ್ಕೆ ತರುವ ಚೀನಾ ಜಾತಿಯದ್ದು ದುಂಡು. ಮಿಶ್ರತಳಿಗಳಲ್ಲಿ ಎರಡೂ ಬೆರೆತಿರುತ್ತವೆ, ಒಂದೇ ಗುರುತಿನ ಮೇಲೆ ತೀರ್ಮಾನ ಬೇಡ. ನಾಲ್ಕು ಎಸಳು ಬಿಡಿಬಿಡಿಯಾಗಿ ಕಂಡರೂ ಕೆಳಗೆ ಒಂದೇ ನಳಿಕೆ, ಸುಮಾರು 3 ಸೆಂ.ಮೀ. ಉದ್ದ, ದಾರದಷ್ಟು ಸಪೂರ. ಜೇನು ಅದರ ತಳದಲ್ಲಿದೆ. ಉದ್ದ ಹೀರುಕೊಳವೆಯ ದೊಡ್ಡ ಚಿಟ್ಟೆಗಳು ಈ ಗಿಡ ಬಿಟ್ಟು ಕದಲದಿರುವುದು ಅದಕ್ಕೇ.

ಸಿಮೆಂಟು ಗೋಡೆಯ ಬುಡದಲ್ಲಿ ನೆಟ್ಟ ಕೇಪುಳದ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಬೇರೆ ಜಾತಿಯೆಂದುಕೊಳ್ಳಬೇಡಿ. ಸುಣ್ಣದಂಶ ಹೆಚ್ಚಿದ ಮಣ್ಣಿನಲ್ಲಿ ಬೇರು ಕಬ್ಬಿಣವನ್ನು ಹೀರಲಾರದು. ಹುಳಿಗುಣದ ಮುರಕಲ್ಲು ಮಣ್ಣಿನಲ್ಲಿ ಆ ತೊಂದರೆ ಇಲ್ಲ.

ಹಣ್ಣು ಬಟಾಣಿ ಗಾತ್ರದ್ದು, ಕಳಿತಂತೆ ಕಡುಗೆಂಪು. ಬಾಯಲ್ಲಿಟ್ಟು ಸಿಹಿ ಚೀಪಿ ಉಗುಳಿದ ಬೀಜ ನೋಡಿ: ಸಾಮಾನ್ಯವಾಗಿ ಎರಡು, ಕಾಫಿ ಬೀಜದಂತೆ ಒಂದು ಬದಿ ಉಬ್ಬು, ಇನ್ನೊಂದು ಬದಿ ತಗ್ಗು.